ಹೂ ಕಟ್ಟುವ ದಾರ

ಬೆಳಿಗ್ಗೆ ಅಕ್ಕ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಳು. ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ನಿಲ್ದಾಣಕ್ಕೆ ಮುಕ್ಕಾಲು ಗಂಟೆ. ಅಲ್ಲಿಂದ ಸುಮಾರು 14,000 ಕಿಲೋಮೀಟರ್, ವಿಮಾನ ನಡುವೆ ಎಲ್ಲೂ ಇಳಿಯದೆ ಹಾರಿದರೆ 16-17 ಗಂಟೆ.

ಮನೆಗೆ ಬಂದವಳೇ ಅಮ್ಮ ನನ್ನ ಮಗನ ಗ್ಲೋಬ್ ಹಿಡಿದು ಕುಳಿತಳು. ಸೇವಂತಿಗೆ ಕಟ್ಟುವ ದಾರದ ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆದಳು.

ದಾರ ಪೆಸಿಫಿಕ್ ಸಾಗರದ ಮೇಲೆ ನಿಲ್ಲಲೇ ಇಲ್ಲ. ಜಾರಿ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ನಿಂತಿತು. ಭೂಮಿ ಗುಂಡಗಿದೆಯಲ್ಲ, ಹತ್ತಿರದ ದಾರಿ ಅದೇ. ಗಾಳಿ ನೋಡಿಕೊಂಡು ವಿಮಾನ ಬೇರೆ ದಾರಿ ಹಿಡಿಯುವುದೂ ಉಂಟು.

"ಅಷ್ಟು ಹಿಮದ ಮೇಲೆ ಹೋಗುತ್ತಾಳೆಯೇ? ಶಾಲು ಕೈಚೀಲದಲ್ಲೇ ಇದೆ ತಾನೇ?"

ಇದೆ ಎಂದೆ.

ಈಗ ಇಲ್ಲಿ ಸಂಜೆ ಏಳೂವರೆ, ಅಲ್ಲಿ ಇದೇ ದಿನದ ಬೆಳಿಗ್ಗೆ ಏಳು. ಅಮ್ಮ ಇನ್ನೂ ದಾರ ಬಿಚ್ಚಿಲ್ಲ.