ಹಗುರ ಬಿಲ್ಲಿಗಿ ಲೈಟ್ ನಾಕ್ ಹಾಕೂಮುಂದ ತೂಕ ನೋಡ್ರಿ

ಬಾಣದ ಹಿಂದ ಸ್ಟ್ರಿಂಗ್ ಕಚ್ಚಿ ಹಿಡಿಯೋ ಪ್ಲಾಸ್ಟಿಕ್ ತುಂಡಿಗಿ ನಾಕ್ ಅಂತಾರ, ಅದರೊಳಗ ಸಣ್ಣ ಎಲ್ಇಡಿ ಬ್ಯಾಟರಿ ಇಟ್ರ ಲೈಟ್ ನಾಕ್. ಕಲಬುರಗಿಯಾಗ ಬಿಲ್ಲು ಹಿಡಿಯೋ ಗೆಳೆಯರು ಕೇಳೂದು ಯಾವ ಕಲರ್ ಛಲೋ ಕಾಣ್ತದ ಅಂತ. ಕಲರ್ ಯಾವುದಾದ್ರೂ ನಡೀತದ್ರಿ, ಮೊದಲ ಎಷ್ಟು ಗ್ರೇನ್ (ಬಾಣದ ತೂಕದ ಸಣ್ಣ ಅಳತಿ) ಅದ ಕೇಳ್ರಿ.

ನಂದು 35 ಪೌಂಡಿನ ರಿಕರ್ವ್, ಅಂದ್ರ ತುದಿ ಮುಂದಕ್ಕ ಬಾಗಿದ ಬಿಲ್ಲು, ಪೌಂಡ್ ಅಂದ್ರ ಅದನ್ನ ಎಳ್ಯಾಕ ಬೇಕಾದ ಜೋರು. ಹಂಟಿಂಗ್ ಬೋ ಅಂತ ಹೆಸರಿಟ್ಟು ಮಾರ್ತಾರ ಖರೆ, ಆದ್ರ ನಮ್ ದೇಶದಾಗ 1972ರ ವನ್ಯಜೀವಿ ಕಾಯ್ದೆ ಅದ, ಬ್ಯಾಟಿ ಮಾತೇ ಬ್ಯಾಡ, ನಾ ಹೊಡಿಯೋದು ಸೇಡಂ ರೋಡ್ ಕಡಿ ಕಾಕಾನ ಹೊಲದಾಗ ಒಡ್ಡಿಗಿ ಆನಿಸಿಟ್ಟ ಫೋಮ್ ಬ್ಲಾಕಿಗಿ. ಅಮೆರಿಕದ ಕೆಲವು ರಾಜ್ಯದಾಗ ಜಿಂಕಿಗಿ ಕಮ್ಮಿ ಅಂದ್ರೂ 40 ಪೌಂಡ್ ಬೇಕು, ಕೆಲವು ಕಡಿ 35 ನಡೀತದ, ಅಂದ್ರ ನನ್ನ ಬಿಲ್ಲು ಅಲ್ಲಿ ಕಡೀ ಬೆಂಚಿನ ಹುಡುಗ.

70 ಪೌಂಡ್ ಕಾಂಪೌಂಡ್ (ತುದಿಗಿ ಗಾಲಿ ಇರೋ ಜೋರ್ ಬಿಲ್ಲು) ಇದ್ದವ್ರಿಗಿ 15 ಗ್ರೇನ್ ಹೆಚ್ಚಾದ್ರ ಗೊತ್ತೇ ಆಗಂಗಿಲ್ಲ. ನಮಗ ಆಗ್ತದ. ಸಾದಾ ನಾಕ್ 10 ಗ್ರೇನ್ ಆಸುಪಾಸು, ಲೈಟಿಂದು 25ರ ಹತ್ರ, ನಡುವಿನ ಫರಕು ಬರೇ 1 ಗ್ರಾಂ, ಆದ್ರ ಅದು ಕೂಡೂದು ಬಾಣದ ತುದಿ ಬಾಲದಾಗ. 29 ಇಂಚಿನ 350 ಗ್ರೇನ್ ಬಾಣ, ಮುಂದಿನ ಭಾರ ಅಂದ್ರ ಎಫ್ಒಸಿ (ಬ್ಯಾಲೆನ್ಸ್ ಆಗೋ ಜಾಗ ಬಾಣದ ನಟ್ಟನಡುವಿಂದ ಎಷ್ಟು ಮುಂದ ಅದ ಅನ್ನೋದು, ಉದ್ದದ ಪರ್ಸೆಂಟಿನಾಗ) 12 ಪರ್ಸೆಂಟ್ ಇತ್ತು ಅನ್ನರಿ, ಲೈಟ್ ಹಾಕಿದ ಕೂಡ್ಲೇ ಬ್ಯಾಲೆನ್ಸ್ ಮುಕ್ಕಾಲು ಇಂಚು ಹಿಂದ ಸರಿದು 9.5ರ ಹತ್ರ ಇಳೀತದ, ಬಾಣ ಮೊದಲಿಗಿಂತ ಸ್ವಲ್ಪ ಸ್ಟಿಫ್, ಅಂದ್ರ ಕಮ್ಮಿ ಬಾಗೂವಂಗ ಆದಂಗೂ ನಡ್ಕೋತದ. ವಾಪಸ್ 12ಕ್ಕ ತರಾಕ 100 ಗ್ರೇನ್ ಪಾಯಿಂಟ್ (ಬಾಣದ ಮುಂದಿನ ಮೊನಿ) ತೆಗದು 125 ಹಾಕಬೇಕು. ಆವಾಗ ಪೂರಾ ಬಾಣ 390, ಹಗುರ ಬಿಲ್ಲಿಗಿ ಅಷ್ಟೂ ಎಳೀಬೇಕು, ಸ್ಪೀಡ್ ಕಮ್ಮಿ, 20 ಮೀಟರಿಗಿ ಬಾಣ ಏಳೆಂಟು ಸೆಂಟಿಮೀಟರ್ ಹೆಚ್ಚಿಗಿ ಕೆಳಗ ಬೀಳ್ತದ. ಏಮ್ ಹೊಸದಾಗಿ ಕೂಡಿಸ್ಕೋರಿ. ಅದಕ್ಕ ಒಂದೇ ಬಾಣಕ್ಕ ಲೈಟ್ ಹಾಕಿ ಉಳಿದವು ಸಾದಾ ಬಿಡೋದು ಶುದ್ಧ ಹುಚ್ಚುತನ, ಹಾಕೂದಾದ್ರ ಎಲ್ಲಾಕ್ಕೂ ಹಾಕ್ರಿ, ಇಲ್ಲಂದ್ರ ಸಾದಾ ನಾಕಿನ ಬಾಣಕ್ಕ ಹಿಂದ ಅಷ್ಟೇ ತೂಕ ಕೂಡಿಸ್ರಿ.

ಇನ್ನೊಂದು ಕಿರಿಕಿರಿ ಸ್ವಿಚ್. ಭಾಳ ಮಾಡೆಲ್‌ಗಳಾಗ ಸ್ಟ್ರಿಂಗ್ ನಾಕನ್ನ ಮುಂದ ದಬ್ಬಿದ್ರನ ಲೈಟ್ ಹತ್ತೂದು, ಜೋರ್ ಬಿಲ್ಲಿಗಿ ಸರಿ, ನಮ್ಮ ಬಿಲ್ಲಿನ ಮೆತ್ತನ ದಬ್ಬಿಗಿ ಒಮ್ಮೊಮ್ಮಿ ಹತ್ತಂಗೇ ಇಲ್ಲ, ಮ್ಯಾಲ ನಮ್ ಕರಿ ಮಣ್ಣಿನ ಧೂಳು ಒಳಗ ಹೊಕ್ರಂತೂ ಮುಗೀತು. ಮ್ಯಾಗ್ನೆಟಿಂದ ಇಲ್ಲಾ ಕೈಲೇ ಆನ್ ಮಾಡೂವು ಸಿಗ್ತಾವ, ಕಮ್ಮಿ ಪೌಂಡಿನವ್ರು ಅಂಥವು ನೋಡ್ರಿ.

ಸ್ಟ್ರಿಂಗಿನ ಮ್ಯಾಲ ನಾಕಿನ ಬಿಗಿ ಎಷ್ಟದ ಅಂತನೂ ಚೆಕ್ ಮಾಡ್ರಿ. ಬಾಣ ಸ್ಟ್ರಿಂಗಿಗಿ ತೂಗ್ಹಾಕಿ ಸ್ಟ್ರಿಂಗ್ ಮ್ಯಾಲ ಬೆರಳಲೇ ತಟ್ರಿ, ಬಾಣ ಕಳಚಿ ಬೀಳಬೇಕು. ಬೀಳಲಿಲ್ಲಂದ್ರ ಬಿಗಿ ಹೆಚ್ಚದ, ಇದ್ದ ಸ್ವಲ್ಪ ತಾಕತ್ತೂ ಅದೇ ತಿಂತದ. ತಾನಾಗೇ ಬಿದ್ರ ಇನ್ನೂ ಡೇಂಜರ್, ಎಳದಾಗ ಕಳಚಿದ್ರ ಖಾಲಿ ಸ್ಟ್ರಿಂಗ್ ಹೊಡದು ಬಿಲ್ಲಿನ ಲಿಂಬೇ (ಬಾಗೋ ತೋಳು) ಸೀಳಬಹುದು.

ಇಷ್ಟೆಲ್ಲಾ ತಲಿನೋವು ಯಾಕಪ್ಪಾ ಅಂದ್ರ, ತೊಗರಿ ಎದಿ ಮಟ ಬೆಳದಾಗ ಸಂಜಿ ಮುಂದ ಬ್ಲಾಕ್ ತಪ್ಪಿದ ಕಪ್ಪು ಕಾರ್ಬನ್ ಬಾಣ ಹುಡುಕಿ ನೋಡ್ರಿ, ಉತ್ತರ ಸಿಗ್ತದ. ಮತ್ತ ನಮ್ಮ ಬಾಣ ನಿಧಾನ, ಸೆಕೆಂಡಿಗಿ 45 ಮೀಟರ್ ಸುಮಾರು, ಹಂಗಾಗಿ ಬೆಳಕಿನ ಗೆರಿ ಕಣ್ಣಿಗಿ ಪೂರಾ ಸಿಗ್ತದ, ಬಾಲ ಅಲ್ಲಾಡಿದ್ರ ರಿಲೀಸ್ (ಸ್ಟ್ರಿಂಗ್ ಬಿಡೋ ರೀತಿ) ಕೆಟ್ಟದ ಇಲ್ಲಾ ಬಿಲ್ಲು-ಬಾಣದ ಟ್ಯೂನಿಂಗ್ ತಪ್ಯದ ಅಂತ ಅಲ್ಲೇ ತಿಳೀತದ. ಜೋರ್ ಬಿಲ್ಲಿನವ್ರಿಗಿ ಇದು ಅಷ್ಟು ಛಂದ ಕಾಣಂಗಿಲ್ಲ!

ಹಾಂ, ಟೂರ್ನಮೆಂಟ್ ಆಡವ್ರು ಬಿಟ್ಬಿಡ್ರಿ. ವರ್ಲ್ಡ್ ಆರ್ಚರಿ ನಿಯಮದಾಗ ಲೈಟ್ ನಾಕ್ ನಡಿಯಂಗಿಲ್ಲ. ಅಮೆರಿಕದ ಬೇಟೆಗಾರರ ಪೋಪ್ ಅಂಡ್ ಯಂಗ್ ಕ್ಲಬ್ ಮಾತ್ರ 2014ರಾಗ ಒಪ್ಕೊಂಡದ, ಅದು ಅವರ ವ್ಯವಹಾರ.