ಮಾತ್ರೆ ಬಿಟ್ಟರೆ ಎಚ್‌ಐವಿ ಮತ್ತೆ ಯಾಕೆ ಬರುತ್ತದೆ?

"ರಕ್ತದಲ್ಲಿ ವೈರಸ್ ಕಾಣ್ತಿಲ್ಲ ಅಂತ ರಿಪೋರ್ಟ್ ಬಂದಿದೆ. ಆಮೇಲೂ ಮಾತ್ರೆ ಯಾಕೆ?" ಎಚ್‌ಐವಿ ವಿಷಯ ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹೇಳಬೇಕಾದರೆ 7ಎಸ್‌ಕೆ ಎಂಬ ಪುಟ್ಟ ಆರ್‌ಎನ್‌ಎ ಬಗ್ಗೆ ಹೇಳಲೇಬೇಕು.

ಆರ್‌ಎನ್‌ಎ ಅಂದರೆ ಪ್ರೋಟೀನ್ ಮಾಡಲು ಬೇಕಾದ ನಕಲು ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಆದರೆ ಪ್ರೋಟೀನ್ ಮಾಡದೆ ತಾವೇ ಕೆಲಸಕ್ಕೆ ಇಳಿಯುವ ಆರ್‌ಎನ್‌ಎಗಳೂ ನಮ್ಮ ಜೀವಕೋಶಗಳಲ್ಲಿ ಬೇಕಾದಷ್ಟಿವೆ. ಎಚ್‌ಐವಿ ಹತ್ತಿರ ಇರುವುದು ಬರೀ 9 ಜೀನ್. ಹಾಗಾಗಿ ಅದಕ್ಕೆ ಇವುಗಳ ಹಂಗು ಜಾಸ್ತಿ. ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಳ್ಳಲು ಶುರುಮಾಡುವುದಕ್ಕೂ ನಮ್ಮದೇ ಒಂದು ಟಿಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಪುಟ್ಟ ಆರ್‌ಎನ್‌ಎ) ಬೇಕು. ಅದರ ತುದಿಯ 18 ಅಕ್ಷರ (ಅಂದರೆ ಆರ್‌ಎನ್‌ಎ ಸರಪಳಿಯ ಕೊಂಡಿಗಳು) ವೈರಸ್‌ನ 18 ಅಕ್ಷರಕ್ಕೆ ಜೋಡಿಯಾಗಿ ಕೂರುತ್ತವೆ.

ಆ ಡಿಎನ್‌ಎ ನಮ್ಮ ಡಿಎನ್‌ಎ ಒಳಗೆ ಸೇರಿಕೊಂಡ ಮೇಲೆ 7ಎಸ್‌ಕೆ ಕೆಲಸ ಕಾಣುತ್ತದೆ. ಜೀನ್ ಓದುವ ಪಾಲಿಮರೇಸ್ ಸ್ವಲ್ಪ ದೂರ ಓದಿ ನಿಂತುಬಿಡುತ್ತದೆ, ತಳ್ಳಿದರೆ ಮಾತ್ರ ಹೊರಡುವ ಗಾಡಿಯ ಹಾಗೆ. ತಳ್ಳುವುದು ಪಿ-ಟೆಫ್‌ಬಿ ಎಂಬ ಪ್ರೋಟೀನ್ ಜೋಡಿ. ಸುಮಾರು 330 ಅಕ್ಷರದ 7ಎಸ್‌ಕೆ ಇದರ ದೊಡ್ಡ ಪಾಲನ್ನು ಹಿಡಿದಿಟ್ಟುಕೊಂಡಿರುತ್ತದೆ. ದಶಕಗಳ ಕಾಲ ಈ ಆರ್‌ಎನ್‌ಎ ಯಾಕಿದೆ ಅಂತಲೇ ಗೊತ್ತಿರಲಿಲ್ಲ. 2001ರಲ್ಲಿ ಗೊತ್ತಾಯಿತು. ವೈರಸ್‌ನ ಟ್ಯಾಟ್ ಎಂಬ ಪ್ರೋಟೀನ್ ಪಿ-ಟೆಫ್‌ಬಿಯನ್ನು 7ಎಸ್‌ಕೆ ಹಿಡಿತದಿಂದ ಬಿಡಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ವೈರಸ್ ಜೀನ್‌ಗಳ ನಿಂತ ಓದು ಓಡತೊಡಗುತ್ತದೆ. ಟ್ಯಾಟ್ ಹೆಚ್ಚಿದಷ್ಟೂ ವೈರಸ್ ಹೆಚ್ಚು, ವೈರಸ್ ಹೆಚ್ಚಿದಷ್ಟೂ ಟ್ಯಾಟ್ ಹೆಚ್ಚು.

ವಿಶ್ರಾಂತಿಯಲ್ಲಿರುವ ಟಿ-ಕೋಶಗಳಲ್ಲಿ (ಎಚ್‌ಐವಿ ಹೊಕ್ಕುವ ಬಿಳಿ ರಕ್ತಕಣಗಳಲ್ಲಿ) ಇದು ನಡೆಯುವುದಿಲ್ಲ. ಅಲ್ಲಿ ತಳ್ಳುವ ಪ್ರೋಟೀನೂ ಕಮ್ಮಿ, ಟ್ಯಾಟೂ ಇಲ್ಲ. ಸಾಲದ್ದಕ್ಕೆ ಎನ್‌ರಾನ್ ಎಂಬ ಇನ್ನೊಂದು ಆರ್‌ಎನ್‌ಎ ಅಲ್ಪಸ್ವಲ್ಪ ಹುಟ್ಟಿದ ಟ್ಯಾಟನ್ನೂ ಒಡೆದುಹಾಕಲು ನೆರವಾಗುತ್ತದೆ. ವೈರಸ್ ಸುಮ್ನೆ ಮಲಗಿರುತ್ತದೆ. ಮಾತ್ರೆಗಳು ತಡೆಯುವುದು ವೈರಸ್ ಕೆಲಸ ಮಾಡುವಾಗಿನ ಹಂತಗಳನ್ನು. ಮಲಗಿದ್ದಕ್ಕೆ ಅವು ತಾಗುವುದೇ ಇಲ್ಲ. ಮಾತ್ರೆ ಬಿಟ್ಟ ಮೇಲೆ ಅಂಥ ಒಂದು ಕೋಶ ಎಚ್ಚೆತ್ತರೂ ಸಾಕು. ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ರಕ್ತದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ 7ಎಸ್‌ಕೆ ಹಿಡಿತ ಸಡಿಲಿಸಿ, ವೈರಸ್ಸನ್ನು ಎಬ್ಬಿಸಿ, ಹೊಡೆಯಬಾರದೇ? ಪ್ರಯೋಗಾಲಯದ ಕೋಶಗಳಲ್ಲಿ ಎಬ್ಬಿಸಿದ್ದಾರೆ. ಆದರೆ ಪಿ-ಟೆಫ್‌ಬಿ ನಮ್ಮ ಜೀನ್‌ಗಳಿಗೂ ಬೇಕಾದದ್ದು. ಅದನ್ನು ಮನಬಂದಂತೆ ಬಿಟ್ಟರೆ ಮೈಯೇ ಕೆಡುತ್ತದೆ. ವೈರಸ್ ಒಂದನ್ನೇ ಎಬ್ಬಿಸಿ ಮುಗಿಸುವ ಔಷಧಿ ಇನ್ನೂ ಬಂದಿಲ್ಲ. ಅದಕ್ಕೇ, ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ, ದಯವಿಟ್ಟು ಮಾತ್ರೆ ಬಿಡಬೇಡಿ.