ಗೆದ್ದ ಮೇಯರ್ ಜೈಲಿನಲ್ಲಿ

ಟರ್ಕಿಯ ಇಸ್ತಾಂಬುಲ್ ನಗರದ ಮೇಯರ್ ಆಗಿದ್ದ ಎಕ್ರೆಮ್ ಇಮಾಮೊಗ್ಲು 2019ರಲ್ಲಿ ಗೆದ್ದರು. ಆ ಚುನಾವಣೆಯನ್ನೇ ರದ್ದು ಮಾಡಲಾಯಿತು. ಮತ್ತೆ ನಿಂತು ಇನ್ನೂ ಜಾಸ್ತಿ ಅಂತರದಲ್ಲಿ ಗೆದ್ದರು. 2024ರಲ್ಲೂ ಗೆದ್ದರು. 2025ರ ಮಾರ್ಚ್‌ನಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಅವರನ್ನು ಜೈಲಿಗೆ ಹಾಕಿದರು. ಅವರು ಆರೋಪ ಒಪ್ಪಿಲ್ಲ. ಅಲ್ಲಿನ ಅಲ್ಪಸಂಖ್ಯಾತ ಕುರ್ದ್ ಜನರ ಊರುಗಳಲ್ಲಿ ಇದು ಹಳೇ ಕತೆ. 2019ರ ಆಗಸ್ಟ್‌ನಲ್ಲಿ ದಿಯಾರ್‌ಬಕಿರ್, ಮಾರ್ದಿನ್, ವಾನ್ ಮೇಯರ್‌ಗಳನ್ನು ತೆಗೆದು ಸರಕಾರದ ಗವರ್ನರ್‌ಗಳನ್ನು ಕೂರಿಸಿದರು. ಹಾಗಾದರೆ ಜನ ಸಾಲಿನಲ್ಲಿ ನಿಂತು ಓಟು ಹಾಕಿದ್ದು ಸುಮ್ನೆನಾ?

ಪ್ಯಾರಿಸ್ ಮೇಯರ್ ಆಗಿದ್ದ ಆನ್ ಇಡಾಲ್ಗೊ ಇಮಾಮೊಗ್ಲು ಪರ ನಿಂತರು. ನಮ್ಮ ಮಂಗಳೂರಿನಲ್ಲಿ ಕಾರ್ಪೊರೇಟರ್ ಆಗಿ ದುಡಿದವರೂ ಈ ಮೇಯರ್‌ಗಳ ಪರವಾಗಿ ಒಂದು ಪತ್ರಕ್ಕೆ ಸಹಿ ಹಾಕಬೇಕು, ಪಕ್ಷ ಯಾವುದಾದರೂ ಸರಿ. ನೀರು ಬಂದಿಲ್ಲ, ಚರಂಡಿ ತುಂಬಿದೆ ಅಂತ ಬೆಳಗ್ಗೆಯೇ ಮನೆ ಬಾಗಿಲಿಗೆ ಬರುವ ಜನರನ್ನು ಕಂಡವರು ಇವರು. ಆ ಮೇಯರ್‌ಗಳ ಸಂಕಟ ಇವರಿಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು, ಅಲ್ವಾ?